ಒಣನಾಡಿನ ಕಂದರಗಳಲ್ಲಿ ಕಾಲ್ನಡಿಗೆ ಮತ್ತು ಹರಿಗೋಲು

ಕೇರಳದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ನೀರು ಅಪರೂಪದ ವಸ್ತುವಲ್ಲ. ಕೊಚ್ಚಿಯಲ್ಲಿರುವವರಿಗೆ ಹಿನ್ನೀರು ಮನೆಯ ಹಿತ್ತಲಿನಷ್ಟೇ ಹತ್ತಿರ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಜಲ ಮೆಟ್ರೋದಲ್ಲಿ ಕಚೇರಿಗೆ ಹೋಗಿಬರುವವರೂ ನಮ್ಮ ನಡುವೆ ಇದ್ದಾರೆ. ತಿರುವನಂತಪುರದವರಿಗೆ ಕರಮನ ನದಿಯೂ ವೆಳ್ಳಾಯಣಿ ಕೆರೆಯೂ ನಿತ್ಯದ ನೋಟ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ನದಿ ಎಂದರೆ ತೆಂಗಿನ ಸಾಲುಗಳ ನಡುವೆ ತುಂಬಿ, ಸದ್ದಿಲ್ಲದೆ ಸಾಗುವ ಅಗಲವಾದ ನೀರು. ದೋಣಿ ಎಂದರೆ ಅದರ ಮೇಲೆ ನೆಮ್ಮದಿಯಾಗಿ ತೇಲುವ ವಾಹನ. ಬಂಡೆಯನ್ನು ಸೀಳಿಕೊಂಡು, ಬಿಸಿಲಿಗೆ ಕಾದ ಗೋಡೆಗಳ ನಡುವೆ ಭೋರ್ಗರೆದು ಓಡುವ ನದಿಯನ್ನು ಅವರು ಕಂಡಿರುವುದು ಚಿತ್ರಗಳಲ್ಲಿ ಮಾತ್ರ. ಅಂತಹ ಕಂದರಗಳು ಅಮೆರಿಕದ ಮರುಭೂಮಿಯಲ್ಲಷ್ಟೇ ಇವೆ ಎಂದು ಹಿರಿಯರಾದ ನಾವೂ ಬಹುಕಾಲ ಭಾವಿಸಿದ್ದುಂಟು.

ವಾಸ್ತವವಾಗಿ ಅಂತಹ ಒಂದು ಕಂದರ ನಮ್ಮಿಂದ ಒಂದು ಹಗಲಿನ ರೈಲು ಪ್ರಯಾಣದಷ್ಟು ದೂರದಲ್ಲಿದೆ. ಎರ್ನಾಕುಲಂನಿಂದ ಬೆಂಗಳೂರಿಗೆ ಹೋಗುವ ಇಂಟರ್‌ಸಿಟಿ ರೈಲು ಸೇಲಂ ದಾಟಿ ಧರ್ಮಪುರಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಪೆನ್ನಾಗರಂ ಮಾರ್ಗವಾಗಿ ಸುಮಾರು 46 ಕಿ.ಮೀ. ಹೋದರೆ ಹೊಗೆನಕಲ್. ತಿರುವನಂತಪುರದವರು ಮೊದಲು ಎರ್ನಾಕುಲಂಗೆ ಬಂದು ಸೇರಬೇಕು, ಅಷ್ಟೇ. ಕೆಲವು ವರ್ಷಗಳ ಹಿಂದೆ ಆಗಸ್ಟ್ ಕೊನೆಯಲ್ಲಿ ಬಂದ ಓಣಂ ರಜೆಯಲ್ಲಿ ನಾವು ನಾಲ್ಕೈದು ಕುಟುಂಬದವರು ಹೀಗೆ ಹೊರಟೆವು. ಆ ಪ್ರವಾಸದಲ್ಲಿ ನಾವು ಹರಿಗೋಲು ಹತ್ತಲಿಲ್ಲ. ಹತ್ತದೆ ಉಳಿದುದರಿಂದಲೇ ಈ ಕಂದರಗಳ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿಯನ್ನು ತಿಳಿದೆವು. ಅದನ್ನು ಓದುಗ ಬಂಧುಗಳೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಒಣನಾಡಿನಲ್ಲೇ ಏಕೆ ಕಂದರ?

ಕಂದರವನ್ನು ಕೊರೆಯುವುದು ನೀರು. ಹಾಗಿದ್ದರೆ ಹೆಚ್ಚು ಮಳೆ ಬೀಳುವಲ್ಲಿ ದೊಡ್ಡ ಕಂದರಗಳಿರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿ ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಬೇಕು. ನದಿ ತನ್ನ ತಳವನ್ನು ಕೆಳಮುಖವಾಗಿ ಕೊರೆಯುವುದು ಒಂದು. ಮಳೆ, ಬೇರು, ಮಣ್ಣುಕುಸಿತಗಳು ಎರಡೂ ದಡಗಳನ್ನು ಸವೆಸಿ ಓರೆಯಾಗಿಸುವುದು ಇನ್ನೊಂದು. ಮಳೆ ಹೆಚ್ಚಿರುವ ನಾಡಿನಲ್ಲಿ ಎರಡನೆಯ ಕೆಲಸವೂ ವೇಗವಾಗಿ ನಡೆಯುವುದರಿಂದ ಕಣಿವೆ ಅಗಲವಾಗಿ, ಹಸಿರು ಇಳಿಜಾರಾಗಿ ತೆರೆದುಕೊಳ್ಳುತ್ತದೆ. ಒಣನಾಡಿನಲ್ಲಿ ದಡಗಳನ್ನು ಸವೆಸುವ ಮಳೆ ಕಡಿಮೆ. ಆದರೆ ದೂರದ ಮಳೆನಾಡಿನಿಂದ ಹರಿದುಬರುವ ನದಿ ಮಾತ್ರ ಕೊರೆಯುವುದನ್ನು ನಿಲ್ಲಿಸುವುದಿಲ್ಲ. ಬಂಡೆಯೂ ಗಟ್ಟಿಯಾಗಿದ್ದರೆ ಗೋಡೆಗಳು ಕಡಿದಾಗಿ ನಿಂತುಬಿಡುತ್ತವೆ.

ಹೊಗೆನಕಲ್ ಪ್ರದೇಶ ಮರುಭೂಮಿಯಲ್ಲ. ಪಶ್ಚಿಮ ಘಟ್ಟದ ಮಳೆಯ ನೆರಳಿನಲ್ಲಿರುವ ಒಣಕಾಡು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾದರೆ ಧರ್ಮಪುರಿ ಜಿಲ್ಲೆಯಲ್ಲಿ ಅದರ ಮೂರನೆಯ ಒಂದು ಭಾಗದಷ್ಟೂ ಇಲ್ಲ. ಜಾಲಿ, ಕಳ್ಳಿ, ಹುಣಸೆಗಳ ಈ ಕಾಡಿನ ನಡುವೆ ಕಾವೇರಿ ಗಟ್ಟಿಬಂಡೆಯಲ್ಲಿ ದಾರಿ ಕೊರೆದುಕೊಂಡಿದ್ದಾಳೆ. ಇಲ್ಲಿನ ಬಂಡೆಗಳಲ್ಲಿ ಬಹುಪಾಲು ಚಾರ್ನೊಕೈಟ್ ಮತ್ತು ನೈಸ್ ಜಾತಿಯವು. ಕೇರಳದಲ್ಲಿ ಮನೆಯ ಅಡಿಪಾಯಕ್ಕೆ ಬಳಸುವ ಕಪ್ಪುಕಲ್ಲಿನಲ್ಲಿಯೂ ಚಾರ್ನೊಕೈಟ್ ಬಹಳ. ಇವುಗಳ ನಡುವೆ ಅಲ್ಲಲ್ಲಿ ಕಾರ್ಬೊನಟೈಟ್ ಎಂಬ ಅಪರೂಪದ ಶಿಲೆಯಿದ್ದು, ಅದರ ವಯಸ್ಸು ಸುಮಾರು 240 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಲೆಕ್ಕಹಾಕಿದ್ದಾರೆ.

ನೀರಷ್ಟೇ ಇಂತಹ ಕಲ್ಲನ್ನು ಕೊರೆಯಲಾರದು. ಪ್ರವಾಹ ಹೊತ್ತುತರುವ ಮರಳು ಮತ್ತು ಉರುಟುಕಲ್ಲುಗಳೇ ಅದರ ಉಳಿ. ಬಂಡೆಯ ಸಣ್ಣ ತಗ್ಗಿನಲ್ಲಿ ಒಂದು ಉರುಟುಕಲ್ಲು ಸಿಕ್ಕಿಕೊಂಡರೆ ಸುಳಿಯು ಅದನ್ನು ಗರಗರನೆ ತಿರುಗಿಸುತ್ತದೆ. ಸಾವಿರಾರು ಮಳೆಗಾಲಗಳಲ್ಲಿ ಆ ತಗ್ಗು ಒರಳಾಗುತ್ತದೆ, ಒರಳು ಬಾವಿಯಾಗುತ್ತದೆ. ಅಕ್ಕಪಕ್ಕದ ಎರಡು ಬಾವಿಗಳ ನಡುವಿನ ಗೋಡೆ ಒಡೆದು ಒಂದಾದಾಗ ನದಿಯ ಪಾತ್ರ ಅಷ್ಟು ಆಳಕ್ಕಿಳಿಯುತ್ತದೆ.

ಆ ನೀರು ಯಾರದು?

ಕೇರಳದ 44 ನದಿಗಳಲ್ಲಿ 41 ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತವೆ; ಕಬಿನಿ, ಭವಾನಿ, ಪಾಂಬಾರ್ ಎಂಬ ಮೂರು ಮಾತ್ರ ಪೂರ್ವಕ್ಕೆ ಹರಿಯುತ್ತವೆ. ಇದು ಇಲ್ಲಿನ ಶಾಲೆಯ ಮಕ್ಕಳೆಲ್ಲರೂ ಕಲಿಯುವ ಪಾಠ. ಈ ಮೂರೂ ಕೊನೆಗೆ ಸೇರುವುದು ಕಾವೇರಿಯ ಜಲಾನಯನಕ್ಕೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ವಯನಾಡಿನ ಮಾನಂತವಾಡಿ ಹೊಳೆ ಮತ್ತು ಪನಮರಂ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಪ್ರವಾಸಕ್ಕೆಂದು ನಾವು ಹೋಗುವ ಕುರುವ ದ್ವೀಪದ ಸುತ್ತ ಹರಿಯುವುದೂ ಅದೇ ನೀರು. ಕಬಿನಿ ಕರ್ನಾಟಕಕ್ಕೆ ಬಂದು, ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ನಿಂತು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಶಿವನಸಮುದ್ರದಲ್ಲಿ ಧುಮುಕಿ, ಸಂಗಮ, ಮೇಕೆದಾಟು, ಬಿಳಿಗುಂಡ್ಲುಗಳನ್ನು ದಾಟಿ ಹೊಗೆನಕಲ್ ತಲುಪುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೃಷ್ಣರಾಜಸಾಗರದ ಸಾಮರ್ಥ್ಯ 49.45 ಟಿಎಂಸಿ ಅಡಿಯಾದರೆ ಕಬಿನಿ ಜಲಾಶಯದ್ದು 19.52 ಮಾತ್ರ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸಣ್ಣ ಖಾತೆ, ದೊಡ್ಡ ಜಮೆ. ವಯನಾಡಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿದರೆ ಕಬಿನಿ ಬೇಗ ತುಂಬುತ್ತದೆ, ಬಂದ ನೀರನ್ನು ಹಾಗೆಯೇ ಕೆಳಗೆ ಬಿಡಬೇಕಾಗುತ್ತದೆ. ಎರಡು ಮೂರು ದಿನಗಳಲ್ಲಿ ಅದು ಒಣನಾಡಿನ ಕಂದರದಲ್ಲಿ ಏರುತ್ತದೆ. ಕೇರಳವೆಲ್ಲ ಪ್ರಳಯದಲ್ಲಿ ಮುಳುಗಿದ್ದ 2018ರ ಆಗಸ್ಟ್‌ನಲ್ಲಿ ಹೊಗೆನಕಲ್ಲಿನಲ್ಲಿಯೂ ಹರಿವು ಸೆಕೆಂಡಿಗೆ ಲಕ್ಷ ಘನ ಅಡಿಯನ್ನು ಮೀರಿತ್ತು.

ನಾವು ಹೋದ ವರ್ಷ ಅಂತಹ ಪ್ರಳಯವೇನೂ ಇರಲಿಲ್ಲ. ಧರ್ಮಪುರಿಯಲ್ಲಿ ಇಳಿದಾಗ ಆಕಾಶ ತಿಳಿಯಾಗಿತ್ತು. ಮರುದಿನ ಬೆಳಿಗ್ಗೆ ದಡಕ್ಕೆ ಹೋದರೆ ಹರಿಗೋಲುಗಳೆಲ್ಲ ಬಂಡೆಯ ಮೇಲೆ ಬೋರಲಾಗಿ ಮಲಗಿದ್ದವು. ಜಿಲ್ಲಾಡಳಿತ ಹಿಂದಿನ ಸಂಜೆಯೇ ತಡೆ ಹಾಕಿತ್ತು. ಮಕ್ಕಳ ಮುಖ ಬಾಡಿತು. ನಮ್ಮಲ್ಲೊಬ್ಬರು ಹಿರಿಯ ಅಂಬಿಗನೊಬ್ಬನನ್ನು ಪಕ್ಕಕ್ಕೆ ಕರೆದು, ದಡದ ಅಂಚಿನಲ್ಲೇ ಒಂದು ಸುತ್ತು ತಿರುಗಿಸಿ ತರಲು ಹೆಚ್ಚಿನ ಹಣ ಕೊಡುವುದಾಗಿ ಹೇಳಿದರು. ಮಲೆ ಮಹದೇಶ್ವರ ಬೆಟ್ಟದ ಕಡೆಯ ಕನ್ನಡ ಮಾತನಾಡುತ್ತಿದ್ದ ಆತ ತಲೆಯಾಡಿಸಿ, "ಇಲ್ಲಿ ಮಳೆ ನೋಡ್ಬ್ಯಾಡಿ ಸ್ವಾಮಿ, ಮ್ಯಾಲೆ ಎಲ್ಲಿ ಬಿದ್ದದೆ ಅಂತ ಕೇಳಿ" ಎಂದ. ನಾವು ಸ್ವಲ್ಪ ಬೇಸರದಿಂದಲೇ ಹಿಂತಿರುಗಿದೆವು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಅದನ್ನು ಸುತ್ತಿದ್ದ ಮಲಯಾಳಂ ಪತ್ರಿಕೆಯಲ್ಲಿ ವಯನಾಡಿನ ಭಾರಿ ಮಳೆಯ ಸುದ್ದಿ ಇತ್ತು. ಮೂರು ದಿನಗಳ ಹಿಂದೆ ಮನೆಯಲ್ಲಿ ಅದನ್ನು ಓದಿಯೂ ಇದ್ದೆವು. ಸಂಜೆ ಮತ್ತೆ ದಡಕ್ಕೆ ಹೋದಾಗ, ಬೆಳಿಗ್ಗೆ ಹರಿಗೋಲುಗಳನ್ನು ಮಲಗಿಸಿದ್ದ ಬಂಡೆಯ ಕೆಳಭಾಗ ಕಾಣುತ್ತಿರಲಿಲ್ಲ. ಹಣ ಕೊಡಲು ಹೋಗಿದ್ದವರು ಬಹಳ ಹೊತ್ತು ಮಾತನಾಡಲಿಲ್ಲ.

ಕಾಲ್ನಡಿಗೆಗೆ ಮೇಕೆದಾಟು

ಮುಂದೆ ಜನವರಿಯಲ್ಲೊಮ್ಮೆ, ಈ ಬಾರಿ ನೀರಿನ ಮಟ್ಟ ವಿಚಾರಿಸಿಕೊಂಡು, ಬೆಂಗಳೂರಿನ ಕಡೆಯಿಂದ ಹೊರಟೆವು. ಕನಕಪುರ ದಾಟಿ ಹೋದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಸಿಗುತ್ತದೆ. ಅಲ್ಲಿಂದ ಮೇಕೆದಾಟಿಗೆ ಸುಮಾರು 4 ಕಿ.ಮೀ. ಅಷ್ಟು ದೂರ ಅಗಲವಾಗಿ ಹರಡಿಕೊಂಡು ಬಂದ ನದಿ ಇಲ್ಲಿ ಕೆಲವೇ ಮೀಟರುಗಳ ಸೀಳಿನೊಳಗೆ ನುಗ್ಗುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಈ ಸೀಳನ್ನು ಹಾರಿ ದಾಟಿತೆಂಬ ಕಥೆಯಿಂದ ಹೆಸರು ಬಂದಿದೆ. ಮೇಲೆ ಹೇಳಿದ ಒರಳುಗಳೂ ಬಾವಿಗಳೂ ಇಲ್ಲಿ ಬಂಡೆಯ ತುಂಬ ಕಾಣುತ್ತವೆ. ಕೆಲವುಗಳ ತಳದಲ್ಲಿ ಅವನ್ನು ಕೊರೆದ ಉರುಟುಕಲ್ಲುಗಳು ಇನ್ನೂ ಕುಳಿತಿವೆ. ಕಂದರ ಹೇಗಾಯಿತೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸ್ಥಳ ನಮಗೆ ತಿಳಿಯದು. ಆದರೆ ನೀರು ಉಜ್ಜಿದ ಬಂಡೆ ಗಾಜಿನಂತೆ ನುಣುಪಾಗಿರುತ್ತದೆ. ಅಂಚಿಗೆ ಹೋಗಬಾರದೆಂಬ ಎಚ್ಚರಿಕೆಯ ಫಲಕಗಳನ್ನು ಸುಮ್ಮನೆ ಹಾಕಿಲ್ಲ.

ಮೇಕೆದಾಟಿನಿಂದ ಕೆಳಗೆ ಹೊಗೆನಕಲ್ಲಿನವರೆಗಿನ ನದೀತೀರ ಕಾಡಿನ ನಾಡು. ಕಾವೇರಿ ವನ್ಯಜೀವಿಧಾಮವು 1987ರಲ್ಲಿಯೂ ಮಲೆ ಮಹದೇಶ್ವರ ವನ್ಯಜೀವಿಧಾಮವು 2013ರಲ್ಲಿಯೂ ಘೋಷಣೆಯಾದವು. ಆನೆಗಳು ನೀರಿಗಿಳಿಯುವ ದಾರಿಗಳಿವು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ನಡೆಯುವಂತಿಲ್ಲ. ಈ ಕಾಡುಗಳ ಹೆಸರು ನಮ್ಮ ಪೀಳಿಗೆಗೆ ಬೇರೆಯೇ ಕಾರಣಕ್ಕೆ ನೆನಪಿದೆ. ಹೊಗೆನಕಲ್ಲಿಗೆ ಸಮೀಪದ ಗೋಪಿನಾಥಂ ವೀರಪ್ಪನ್ ಹುಟ್ಟಿದ ಊರು. 2000ನೇ ಇಸವಿಯ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ, 108 ದಿನಗಳ ಕಾಲ ಇಲ್ಲಿನ ನಮ್ಮ ಮನೆಗಳಲ್ಲಿಯೂ ಈ ಗಡಿನಾಡಿನ ಕಾಡುಗಳದೇ ಮಾತು. ಅವನು 2004ರ ಅಕ್ಟೋಬರ್‌ನಲ್ಲಿ ಸತ್ತ ಮೇಲೆಯೇ ಈ ಕಡೆ ಜನ ನಿರಾತಂಕವಾಗಿ ಬರುವಂತಾದದ್ದು.

ಹರಿಗೋಲಿನಲ್ಲಿ ಹೊಗೆನಕಲ್

ಹೊಗೆನಕಲ್ ತಮಿಳುನಾಡು ಮತ್ತು ಕರ್ನಾಟಕಗಳ ಗಡಿಯಲ್ಲಿದೆ. ಹೆಸರು ಮಾತ್ರ ಅಚ್ಚಗನ್ನಡ. ಬಂಡೆಗೆ ಅಪ್ಪಳಿಸಿದ ನೀರಿನ ತುಂತುರು ಹೊಗೆಯಂತೆ ಏಳುವುದರಿಂದ ಹೊಗೆಯ ಕಲ್ಲು. ಇಲ್ಲಿ ನದಿ ಹಲವು ಕವಲಾಗಿ ಒಡೆದು, ಒಂದೊಂದು ಕವಲೂ ಕಂದರಕ್ಕೆ ಧುಮುಕುತ್ತದೆ. ಕೆಳಗಿನ ಮಡುಗಳಲ್ಲಿ ಹರಿಗೋಲು ಸಂಚರಿಸುತ್ತದೆ. ಎರಡೂ ಕಡೆ ಕಪ್ಪು ಗೋಡೆಗಳು, ಮೇಲೆ ಆಕಾಶದ ಒಂದು ಪಟ್ಟಿ, ಸುತ್ತಲೂ ಜಲಪಾತದ ಸದ್ದು. ಗೋಡೆಯ ಹತ್ತಿರ ಹೋದಾಗ ಮುಖದ ಮೇಲೆ ತುಂತುರು.

ಹರಿಗೋಲು ಗುಂಡಾಗಿರುವುದು ಅಂದಕ್ಕಲ್ಲ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ಅದು ತೇಲುತ್ತದೆ. ಮೂಲೆಯಿಲ್ಲದ್ದರಿಂದ ಬಂಡೆಗೆ ತಾಗಿದರೆ ಸಿಕ್ಕಿಕೊಳ್ಳದೆ ತಿರುಗಿ ಜಾರುತ್ತದೆ. ನೀರು ಮುಗಿದು ಬಂಡೆ ಬಂದಲ್ಲಿ ಅಂಬಿಗ ಅದನ್ನು ತಲೆಯ ಮೇಲೆ ಬೋರಲು ಹೊತ್ತು ನಡೆದು ಮುಂದಿನ ಮಡುವಿಗೆ ಇಳಿಸುತ್ತಾನೆ. ಕಂದರದ ಪಯಣದಲ್ಲಿ ನಡಿಗೆಯೂ ನೀರೂ ಹೀಗೆ ಒಂದರೊಳಗೊಂದು ಬೆರೆತಿರುತ್ತವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟಲು ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಬುಟ್ಟಿಯಂತಹ ದೋಣಿಗಳಿದ್ದವೆಂದೂ ಅವುಗಳಲ್ಲಿ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರೆಂದೂ ಬರೆದಿದ್ದಾನೆ. ಐದು ಶತಮಾನಗಳ ಮೇಲೂ ಕಲ್ಲುನದಿಗೆ ಇದಕ್ಕಿಂತ ತಕ್ಕ ದೋಣಿ ಬಂದಿಲ್ಲ ಎನ್ನಬಹುದು.

ಪಿನಾಕಿನಿಯಿಂದ ಕೊಲೊರಾಡೋವರೆಗೆ

ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಅದೇ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆಯಿಂದ ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿ, ಅಂದರೆ ಪೆನ್ನಾರ್ ನದಿ, ಕಡಪ ಜಿಲ್ಲೆಯಲ್ಲಿ ಇನ್ನೊಂದು ಕಂದರವನ್ನು ಕೊರೆದಿದೆ. ಅದೇ ಗಂಡಿಕೋಟ. ಅಲ್ಲಿಯದು ಪದರಪದರವಾದ ಕೆಂಬಣ್ಣದ ಶಿಲೆ. ಪದರಗಳು ನೇರ ಬಿರುಕುಗಳಲ್ಲಿ ಒಡೆದು ಬೀಳುವುದರಿಂದ ಗೋಡೆ ಇಟ್ಟಿಗೆ ಕಟ್ಟಿದಂತೆ ಕಾಣುತ್ತದೆ. ದಂಡೆಯ ಮೇಲಿನ ಕೋಟೆಗೆ ಆ ಕಂದರವೇ ಕಂದಕವಾಗಿತ್ತು. 1652ರಲ್ಲಿ ಫ್ರೆಂಚ್ ವರ್ತಕ ತಾವೆರ್ನಿಯೆ, ಕೋಟೆಯನ್ನು ಗೆದ್ದಿದ್ದ ಗೋಲ್ಕೊಂಡದ ಸೇನಾನಿ ಮೀರ್ ಜುಮ್ಲಾನನ್ನು ಅಲ್ಲಿಯೇ ಕಂಡಿದ್ದನು. ಗಂಡಿಕೋಟಕ್ಕೆ ಭಾರತದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಹೆಸರು ಈಗ ಬಳಕೆಯಲ್ಲಿದೆ.

ನಿಜವಾದ ಗ್ರ್ಯಾಂಡ್ ಕ್ಯಾನ್ಯನ್ ಇರುವುದು ಅಮೆರಿಕದ ಅರಿಜೋನಾದಲ್ಲಿ. ಕೊಲೊರಾಡೋ ನದಿ ಕೊರೆದ ಅದರ ಉದ್ದ 446 ಕಿ.ಮೀ. ಅತಿ ಆಳದ ಭಾಗದ ಆಳವು ತಿರುವನಂತಪುರದ ಬಂಧುಗಳಿಗೆ ಪರಿಚಿತವಾದ ಅಗಸ್ತ್ಯಕೂಡದ 1,868 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಸಮ. ಆದರೆ ಬೆಟ್ಟಕ್ಕೂ ಕಂದರಕ್ಕೂ ಒಂದು ವ್ಯತ್ಯಾಸವಿದೆ. ಬೆಟ್ಟದಲ್ಲಿ ಕಷ್ಟ ಮೊದಲು, ಸುಖ ಆಮೇಲೆ. ದಣಿದವರು ಅರ್ಧದಿಂದ ಇಳಿದುಬಿಡಬಹುದು. ಕಂದರದಲ್ಲಿ ಇಳಿಯುವುದು ಮೊದಲು. ನೀರು ಮುಗಿದು, ಬಿಸಿಲೇರಿ, ಕಾಲು ಸೋತ ಮೇಲೆ ಹತ್ತುವುದು ಉಳಿದಿರುತ್ತದೆ.

ಈ ಕಂದರವನ್ನು ನೀರಿನ ಮೇಲೆ ಮೊದಲು ಶೋಧಿಸಿದವನು ಜಾನ್ ವೆಸ್ಲಿ ಪೊವೆಲ್. ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಆತ 1869ರ ಮೇ 24ರಂದು ಹತ್ತು ಜನರ ತಂಡದೊಂದಿಗೆ ನಾಲ್ಕು ಮರದ ದೋಣಿಗಳಲ್ಲಿ ಹೊರಟ. ಭೋರ್ಗರೆತ ಹೆಚ್ಚಿದಲ್ಲೆಲ್ಲ ಅವರು ದಡಕ್ಕಿಳಿದು, ಹಗ್ಗದಿಂದ ದೋಣಿಗಳನ್ನು ಇಳಿಬಿಟ್ಟು, ಸಾಮಾನುಗಳನ್ನು ಹೊತ್ತು ನಡೆದರು. ಒಂದು ದೋಣಿ ಆರಂಭದಲ್ಲೇ ಬಂಡೆಗೆ ಬಡಿದು ಒಡೆಯಿತು. ಆಗಸ್ಟ್ 28ರಂದು ಮುಂದಿನ ಹರಿವಿಗೆ ಹೆದರಿ ಮೂವರು ನಡೆದೇ ಹೊರಗೆ ಹೋಗುವೆವೆಂದು ಗೋಡೆ ಹತ್ತಿದರು. ಅವರು ಬದುಕಿ ಊರು ಸೇರಲಿಲ್ಲ. ಉಳಿದ ಆರು ಜನ ಎರಡೇ ದಿನಗಳಲ್ಲಿ ಕಂದರದಿಂದ ಹೊರಬಂದರು.

ಅಂಬಿಗನ ಮಾತಿನ ಸತ್ಯ

ಅದೇ ಅರಿಜೋನಾದಲ್ಲಿ ಆಂಟಿಲೋಪ್ ಕ್ಯಾನ್ಯನ್ ಎಂಬ ಕಿರುಸೀಳಿದೆ. 1997ರ ಆಗಸ್ಟ್ 12ರಂದು ಕೆಲವು ಮೈಲು ದೂರದಲ್ಲಿ ಸುರಿದ ಮಳೆಯ ನೀರು ಅದರೊಳಗೆ ಒಮ್ಮೆಲೇ ನುಗ್ಗಿ 11 ಮಂದಿ ಪ್ರವಾಸಿಗರನ್ನು ಕೊಂದಿತು. ಇದನ್ನು ಓದಿದಾಗ ನಮ್ಮ ಹೊಗೆನಕಲ್ಲಿನ ಅಂಬಿಗ ನೆನಪಾದ. ಅವನು ಹೇಳಿದ ಒಂದು ವಾಕ್ಯದಲ್ಲಿ ಒಣನಾಡಿನ ಕಂದರಗಳ ಶಾಸ್ತ್ರವೆಲ್ಲ ಅಡಗಿದೆ: ಕೊರೆದದ್ದೂ ದೂರದ ಮಳೆ, ಕೊಲ್ಲುವುದೂ ದೂರದ ಮಳೆ.

ದೋಣಿ ದುರಂತಗಳ ನೋವು ಕೇರಳದವರಾದ ನಮಗೆ ಹೊಸದಲ್ಲ. 2002ರ ಜುಲೈನಲ್ಲಿ ಕುಮರಕಂ ಬಳಿ 29 ಜನ, 2009ರ ಸೆಪ್ಟೆಂಬರ್‌ನಲ್ಲಿ ತೇಕಡಿಯಲ್ಲಿ 45 ಜನ, 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ 22 ಜನ ಸತ್ತರು. ಮೂರರಲ್ಲೂ ಮಿತಿಮೀರಿ ಜನರನ್ನು ಹತ್ತಿಸಿದ ಮಾತು ಮುಂದೆ ಬಂತು. ನಿಂತ ನೀರಿನಲ್ಲೇ ಹೀಗಾದರೆ ಓಡುವ ನೀರಿನ ಮಾತೇನು? ಆದ್ದರಿಂದ ಕುಟುಂಬ ಸಮೇತ ಹೊರಡುವವರಿಗೆ ನಮ್ಮ ಬಿನ್ನಹವಿಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ ಹೊರಡುವ ಮುನ್ನ ವಯನಾಡು, ಕೊಡಗುಗಳ ಮಳೆ ಮತ್ತು ಕಬಿನಿಯ ಹೊರಹರಿವನ್ನು ವಿಚಾರಿಸಿರಿ. ನೀರು ಇಳಿದು ತಿಳಿಯಾಗುವ ಡಿಸೆಂಬರ್, ಜನವರಿಗಳು ಉತ್ತಮ. ಜೀವರಕ್ಷಕ ಅಂಗಿ ತೊಡದೆ ಹರಿಗೋಲು ಹತ್ತಬೇಡಿರಿ. ಅಂಬಿಗ ಹೇಳಿದಷ್ಟೇ ಜನ ಕುಳಿತುಕೊಳ್ಳಿರಿ, ಚಿತ್ರ ತೆಗೆಯಲು ಎದ್ದು ನಿಲ್ಲಬೇಡಿರಿ. ನಡೆಯುವವರು ಬೆಳಿಗ್ಗೆಯೇ ಹೊರಟು, ಅರ್ಧ ನೀರು ಖರ್ಚಾಗುವ ಮೊದಲೇ ಹಿಂತಿರುಗಿರಿ. ಬೇಡವೆಂದ ಅಂಬಿಗನಿಗೆ ಹೆಚ್ಚು ಹಣದ ಆಸೆ ತೋರಿಸಬೇಡಿರಿ. ಅವನ ಮನೆಯಲ್ಲಿಯೂ ಕಾಯುವವರಿದ್ದಾರೆ.

ಹೊಗೆನಕಲ್ ದಾಟಿದ ಕಾವೇರಿ 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನ ಹಿನ್ನೀರನ್ನು ಸೇರುತ್ತದೆ. ನೀರು ಬತ್ತಿದ ಬೇಸಿಗೆಗಳಲ್ಲಿ ಅಲ್ಲಿ ಮುಳುಗಿದ ಊರಿನ ನಂದಿಯ ವಿಗ್ರಹವೂ ಚರ್ಚಿನ ಗೋಪುರವೂ ಮೇಲೆ ಕಾಣುತ್ತವೆ. ಪೊವೆಲ್ ನಡೆದ ಗ್ಲೆನ್ ಕ್ಯಾನ್ಯನ್ ಕಂದರವೂ 1963ರಿಂದ ಹೀಗೆಯೇ ಅಣೆಕಟ್ಟಿನ ನೀರಿನಡಿ ಸೇರಿತು. ಆ ಸರೋವರಕ್ಕೆ ಅವನದೇ ಹೆಸರಿಟ್ಟಿದ್ದಾರೆ. ಮೇಕೆದಾಟಿನಲ್ಲಿ ಸುಮಾರು 67 ಟಿಎಂಸಿ ಅಡಿಯ ಅಣೆಕಟ್ಟಿನ ಪ್ರಸ್ತಾಪವಿದೆ. ಅದರ ಸರಿತಪ್ಪು ಬಲ್ಲವರಿಗೆ ಬಿಟ್ಟದ್ದು. ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ಎರಡು ರಾಜ್ಯಗಳ ನಡುವೆ ಅಳೆದು ಲೆಕ್ಕವಿಡುವ ಆ ನೀರಿನಲ್ಲಿ ನಾವಿರುವ ಮೂರನೆಯ ರಾಜ್ಯದ ಮಳೆಯೂ ಸೇರಿದೆ ಎಂಬುದಷ್ಟನ್ನು ನಾವು ನೋಡಿ ತಿಳಿದೆವು. ಆ ಪ್ರವಾಸದ ನಂತರ ನಮ್ಮ ಮಕ್ಕಳು ವಯನಾಡಿನ ಮಳೆಯ ಸುದ್ದಿ ಬಂದಾಗಲೆಲ್ಲ, ಇನ್ನು ಮೂರು ದಿನಕ್ಕೆ ಹರಿಗೋಲುಗಳೆಲ್ಲ ಬಂಡೆಯ ಮೇಲೆ ಎನ್ನುತ್ತಾರೆ. ಅವರ ಲೆಕ್ಕ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ.